ನೊಟೇಶನ್ ಸಾಫ್ಟ್‌ವೇರ್‌ನಲ್ಲಿ ಕನ್ನಡ ಸಾಹಿತ್ಯ: ಒತ್ತಕ್ಷರ ಎಲ್ಲಿ ಒಡೆಯಬೇಕು, ಅಚ್ಚಿಗೆ ಯಾವ ಫೈಲ್ ಕೊಡಬೇಕು?

ಕೀಬೋರ್ಡ್ ಟೀಚರ್
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತೇನೆ. ಶಿಶುಗೀತೆ, ದೇವರನಾಮ, ಒಂದೆರಡು ಭಾವಗೀತೆ ಸೇರಿಸಿ ಪುಟ್ಟ ಪುಸ್ತಕ ಮಾಡುವ ಆಸೆ. ಮೇಲೆ ಐದು ಗೆರೆಯ ಸ್ಟಾಫ್ ನೊಟೇಶನ್, ಕೆಳಗೆ ಕನ್ನಡ ಸಾಹಿತ್ಯ, ಅದರ ಕೆಳಗೆ ಸರಿಗಮ. ಸ್ವರಗಳನ್ನು ಆಜ್ಞೆಗಳಾಗಿ ಟೈಪ್ ಮಾಡಿ ಕೊಟ್ಟರೆ ನೊಟೇಶನ್ ಪುಟ ಮಾಡಿಕೊಡುವ ಲಿಲಿಪಾಂಡ್ 2.24 ಬಳಸುತ್ತಿದ್ದೇನೆ. ಸ್ವರದ ಭಾಗ ತುಂಬಾ ಚೆನ್ನಾಗಿ ಬರುತ್ತದೆ, ಅದರಲ್ಲಿ ತಕರಾರಿಲ್ಲ. ತಲೆನೋವೆಲ್ಲ ಅಕ್ಷರಗಳದ್ದೇ.

‘ಲಕ್ಷ್ಮೀ’ ಥರದ ಪದ ಬಂದರೆ ಎರಡು ಸ್ವರಕ್ಕೆ ಹಂಚಬೇಕಲ್ಲ, ಎಲ್ಲಿ ಒಡೆಯೋದು? ಒತ್ತನ್ನು ಮಾತ್ರ ಮುಂದಿನ ಸ್ವರಕ್ಕೆ ತಳ್ಳಿದರೆ ಚುಕ್ಕಿಚುಕ್ಕಿಯ ಉಂಗುರ ಬಂದು ಅದರ ಅಡಿಯಲ್ಲಿ ಒತ್ತು ನೇತಾಡುತ್ತದೆ. ಎರಡು ಚರಣ ಒಂದರ ಕೆಳಗೊಂದು ಇಟ್ಟರೆ ಒಂದು ಕಡೆ ಅಂತರ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಆಮೇಲೆ ತಾರ (ಮೇಲಿನ) ಸ್ಥಾಯಿಯ ಚುಕ್ಕಿ. ‘ರಿ’, ‘ನಿ’ ಮೇಲೆ ಚುಕ್ಕಿ ಇಟ್ಟರೆ ಗುಡಿಸಿನ ಮೇಲೆ ಹತ್ತಿ ಕೂರುತ್ತದೆ, ಇಲ್ಲವೇ ಪಕ್ಕಕ್ಕೆ ಜಾರುತ್ತದೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಅಚ್ಚಿನದು. ಡಿಟಿಪಿ ಅಂಗಡಿಯವರು “ಪಿಡಿಎಫ್ ಬೇಡ ಮೇಡಂ, ತಿದ್ದೋ ಥರ ಕೊಡಿ” ಅಂದರು. ಎಸ್‌ವಿಜಿ (ಗೆರೆಗಳಾಗಿ ಉಳಿಸುವ ಚಿತ್ರದ ಫೈಲ್) ಕೊಟ್ಟೆ. ಅವರ ಕಂಪ್ಯೂಟರಿನಲ್ಲಿ ತೆರೆದರೆ ಸಾಹಿತ್ಯವೆಲ್ಲ ಚೌಕ ಚೌಕ. ಸ್ವರ ಮಾತ್ರ ಜಪ್ಪಯ್ಯ ಅಂದರೂ ಅಲುಗಾಡಿಲ್ಲ! ಏನು ಮಾಡಲಿ?

ತಂಬೂರಿ ತಂತಿ
ಫಾಂಟ್ ಯಾವುದು ಅಂತ ಹೇಳಲೇ ಇಲ್ಲವಲ್ಲ?

ಕೀಬೋರ್ಡ್ ಟೀಚರ್
ನಾನು ಯಾವುದನ್ನೂ ಹೇಳಿಲ್ಲ. ಕನ್ನಡ ಟೈಪ್ ಮಾಡಿದೆ, ಕನ್ನಡ ಬಂತು. ಅದಕ್ಕೇ ಸುಮ್ನೆ ಬಿಟ್ಟೆ.

ಗಣಕಿಗ
ಚೌಕಗಳ ಮೂಲ ಅದೇ. ಲಿಲಿಪಾಂಡ್ ಪಠ್ಯವನ್ನು ತಾನೇ ಜೋಡಿಸುವುದಿಲ್ಲ, ಪ್ಯಾಂಗೋ ಅನ್ನುವ ಲೈಬ್ರರಿಗೆ ಬಿಡುತ್ತದೆ. ಅದರ ಮಾಮೂಲಿ ಫಾಂಟ್‌ನಲ್ಲಿ ಕನ್ನಡ ಇಲ್ಲ. ಆಗ ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಇರುವ ಯಾವುದೋ ಒಂದು ಫಾಂಟ್ ಹುಡುಕಿ ಹಾಕಿಬಿಡುತ್ತದೆ. ವಿಂಡೋಸ್ ಆದರೆ ತುಂಗಾ ಇರಬಹುದು, ಲಿನಕ್ಸ್ ಆದರೆ ಲೋಹಿತ್ ಇರಬಹುದು. ಒಂದೇ ಫೈಲ್, ಎರಡು ಮನೆಯಲ್ಲಿ ಎರಡು ಮುಖ.

ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಕೂತು ಹೋಗುತ್ತದೆ, ಆದ್ದರಿಂದ ಎಲ್ಲಿ ತೆರೆದರೂ ಹಾಗೇ ಕಾಣುತ್ತದೆ. ಎಸ್‌ವಿಜಿಯಲ್ಲಿ ಹಾಗಲ್ಲ. ಲಿಲಿಪಾಂಡ್‌ನ ಮಾಮೂಲಿ ಎಸ್‌ವಿಜಿ ಸ್ವರಗಳನ್ನು ಗೆರೆಗಳಾಗಿ ಬರೆಯುತ್ತದೆ. ಸಾಹಿತ್ಯವನ್ನು ಮಾತ್ರ ಅಕ್ಷರವಾಗಿಯೇ ಬಿಟ್ಟು ಪಕ್ಕದಲ್ಲಿ ಫಾಂಟ್ ಹೆಸರು ಬರೆದಿಡುತ್ತದೆ. ತೆರೆದವರ ಹತ್ತಿರ ಫಾಂಟ್ ಇಲ್ಲದಿದ್ದರೆ ಚೌಕ. ನಿಮ್ಮ ಸ್ವರ ಅಲುಗಾಡದೆ ಸಾಹಿತ್ಯ ಹಾಳಾಗಿದ್ದು ಇದಕ್ಕೇ.

ಮೊದಲು ಫಾಂಟ್ ಗೊತ್ತುಮಾಡಿ. ನೋಟೋ ಸೆರಿಫ್ ಕನ್ನಡ ಹಾಕಿ, ಸಾಹಿತ್ಯದ ಅಕ್ಷರ ನೋಡಿಕೊಳ್ಳುವ ಲಿರಿಕ್‌ಟೆಕ್ಸ್ಟ್‌ನ ಫಾಂಟ್-ನೇಮ್ ಅನ್ನು ಓವರ್‌ರೈಡ್ ಮಾಡಿ. ಗೂಗಲ್ ಫಾಂಟ್ಸ್‌ನಿಂದ ಇಳಿಸಿದರೆ ಜಿಪ್ ಒಳಗೆ ‘ಸ್ಟ್ಯಾಟಿಕ್’ ಅಂತ ಫೋಲ್ಡರ್ ಇರುತ್ತದೆ, ಅದರಲ್ಲಿರುವುದನ್ನು ಹಾಕಿಕೊಳ್ಳಿ. ವೇರಿಯಬಲ್ ಫಾಂಟ್ (ಒಂದೇ ಫೈಲ್‌ನಲ್ಲಿ ಹಲವು ದಪ್ಪ ಇರುವುದು) ಸಹವಾಸ ಇಲ್ಲಿ ಬೇಡ. ಹೆಸರು ಸರಿಯಾಗಿ ಗೊತ್ತಾಗದಿದ್ದರೆ ‘ಶೋ-ಅವೈಲಬಲ್-ಫಾಂಟ್ಸ್’ ಆಯ್ಕೆ ಕೊಟ್ಟು ಓಡಿಸಿ, ಅದಕ್ಕೆ ಕಾಣುವ ಫಾಂಟ್‌ಗಳ ಪಟ್ಟಿ ಪೂರ್ತಿ ಉದುರುತ್ತದೆ.

ಮೊಳೆ ಜೋಡಿಸಿದವ
ಅಂಗಡಿಯವರ ಪರವಾಗಿ ಎರಡು ಮಾತು. ತಿದ್ದೋ ಥರ ಕೊಡಿ ಅಂತ ಕೇಳುವುದು ಸೋಮಾರಿತನಕ್ಕಲ್ಲ ಸ್ವಾಮಿ. ಮೂರನೇ ಪ್ರೂಫ್ ಆದಮೇಲೆ ಗಿರಾಕಿ ಬಂದು “ಇಲ್ಲೊಂದು ದೀರ್ಘ ಬಿಟ್ಟುಹೋಗಿದೆ” ಅಂತಾರೆ. ಆಗ ಪಿಡಿಎಫ್ ಇಟ್ಟುಕೊಂಡು ನಾವೇನು ಮಾಡೋದು? ಅದೂ ಅಲ್ಲದೆ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ಹಳೇ ಪೇಜ್‌ಮೇಕರ್, ಹಳೇ ನುಡಿ ಫಾಂಟ್. ಆ ಫಾಂಟ್‌ಗಳಲ್ಲಿ ಕನ್ನಡದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಈಗಿನ ಪದ್ಧತಿ) ತಂದು ಸುರಿದರೆ ಪೇಜ್‌ಮೇಕರ್ ತಬ್ಬಿಬ್ಬು.

ಆದರೆ ನೊಟೇಶನ್ ಪುಟವನ್ನು ಅಂಗಡಿಯಲ್ಲಿ ತಿದ್ದಲೇಬಾರದು, ಇದು ನನ್ನ ಅಭಿಪ್ರಾಯ. ತಪ್ಪಿದ್ದರೆ ಟೀಚರ್ ತಮ್ಮ ಮೂಲ ಫೈಲ್‌ನಲ್ಲೇ ತಿದ್ದಿ ಹೊಸ ಪಿಡಿಎಫ್ ಕೊಡಲಿ. ಅಂಗಡಿಯವರು ಅದನ್ನು ಚಿತ್ರದ ಥರ ಪುಟದಲ್ಲಿ ಕೂರಿಸಲಿ. ಇನ್‌ಡಿಸೈನ್ ಇದ್ದರೆ ‘ಪ್ಲೇಸ್’ ಮಾಡಿದರೆ ಸಾಕು, ಒಳಗಿನ ಫಾಂಟ್ ಹಾಗೇ ಬರುತ್ತದೆ. ಕೋರೆಲ್‌ಡ್ರಾ ಆದರೆ ಪಿಡಿಎಫ್ ಇಂಪೋರ್ಟ್ ಮಾಡುವಾಗ ಪಠ್ಯವೋ ಕರ್ವ್ಸೋ ಅಂತ ಕೇಳುತ್ತದೆ. ಕರ್ವ್ಸ್, ಅಂದರೆ ಅಕ್ಷರವನ್ನು ಗೆರೆಯಾಗಿಸುವುದು, ಅನ್ನಿ. ಪಠ್ಯ ಅಂದಿರೋ, ಒತ್ತುಗಳೆಲ್ಲ ಊರು ಬಿಟ್ಟು ಓಡುತ್ತವೆ.

ಗಣಕಿಗ
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಎಸ್‌ವಿಜಿಯೇ ಬೇಕು ಅಂತ ಹಟ ಹಿಡಿದರೆ ಇನ್ನೊಂದು ದಾರಿ ಇದೆ. 2.24ರಲ್ಲಿ ಕೈರೋ ಬ್ಯಾಕೆಂಡ್ (ಫೈಲ್ ಬರೆಯುವ ಹೊಸ ಭಾಗ) ಬಂದಿದೆ. ಅದರಿಂದ ಎಸ್‌ವಿಜಿ ತೆಗೆದರೆ ಅಕ್ಷರಗಳೂ ಗೆರೆಗಳಾಗಿಯೇ ಬರುತ್ತವೆ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಕೆಡುವುದಿಲ್ಲ. ಇಲ್ಲವಾದರೆ ಮಾಮೂಲಿ ಎಸ್‌ವಿಜಿಯನ್ನು ಇಂಕ್‌ಸ್ಕೇಪ್‌ನಲ್ಲಿ ತೆರೆದು ‘ಆಬ್ಜೆಕ್ಟ್ ಟು ಪಾತ್’ ಮಾಡಿ ಕೊಡಿ. ಎರಡರಲ್ಲೂ ಆಮೇಲೆ ಅಕ್ಷರ ತಿದ್ದಲು ಆಗುವುದಿಲ್ಲ, ಅದು ಗೊತ್ತಿರಲಿ.

ರಾಗಿಮುದ್ದೆ ರಾಗ
ಇಷ್ಟೆಲ್ಲ ಯಾಕೆ? ಮ್ಯೂಸ್‌ಸ್ಕೋರ್ ಹಾಕಿಕೊಳ್ಳಿ. ಪುಕ್ಕಟೆ, ಮೌಸ್‌ನಲ್ಲಿ ಕೆಲಸ ಆಗುತ್ತೆ, ಕನ್ನಡ ಚೆನ್ನಾಗಿಯೇ ಬರುತ್ತೆ. ಈ ಲಿಲಿಪಾಂಡ್ ಅನ್ನೋದು ಪ್ರೋಗ್ರಾಮರ್‌ಗಳ ಆಟ. ಸಂಗೀತ ಬರೆಯೋಕೆ ಬ್ಯಾಕ್‌ಸ್ಲ್ಯಾಶ್ ಯಾಕ್ರೀ ಹೊಡೀಬೇಕು?

ತಂಬೂರಿ ತಂತಿ
ಹೋ, ಶುರುವಾಯ್ತು. ಇನ್ನು ರಾತ್ರಿಯೆಲ್ಲ ಇದೇ.

ಪಿಟೀಲು ಪಕ್ಕವಾದ್ಯ
ನಾನು ಎರಡನ್ನೂ ಬಳಸುತ್ತೇನೆ. ಮ್ಯೂಸ್‌ಸ್ಕೋರ್‌ನಲ್ಲಿ ಸಾಹಿತ್ಯ ಟೈಪ್ ಮಾಡುವಾಗ ಒಂದು ಕಿರಿಕಿರಿ ಇದೆ. ಅಲ್ಲಿ ಸ್ಪೇಸ್ ಒತ್ತಿದರೆ ಮುಂದಿನ ಸ್ವರಕ್ಕೆ ಹೋಗುತ್ತದೆ, ಹೈಫನ್ ಒತ್ತಿದರೆ ಅದೇ ಪದದ ಮುಂದಿನ ಅಕ್ಷರ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಕನ್ನಡಕ್ಕೆ ತಿರುಗಿಸುವ ಕೀಲಿಮಣೆ ಬಳಸಿದರೆ ಅದಕ್ಕೂ ಸ್ಪೇಸ್ ಬೇಕು, ಇದಕ್ಕೂ ಸ್ಪೇಸ್ ಬೇಕು. ಎರಡೂ ಜಗಳ ಆಡುತ್ತವೆ. ಇನ್‌ಸ್ಕ್ರಿಪ್ಟ್ ಅಥವಾ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಬಲ್ಲವರಿಗೆ ತೊಂದರೆ ಇಲ್ಲ. ಉಳಿದವರು ಸಾಹಿತ್ಯವನ್ನು ಬೇರೆ ಕಡೆ ಒಡೆದು ಬರೆದುಕೊಂಡು, ಪೂರ್ತಿ ಕಾಪಿ ಮಾಡಿ, ಮೊದಲ ಸ್ವರದ ಮೇಲೆ ನಿಂತು ಪೇಸ್ಟ್ ಒತ್ತುತ್ತಾ ಹೋಗಿ. ಒಂದೊಂದು ಸಲಕ್ಕೆ ಒಂದೊಂದು ಅಕ್ಷರ ಇಳಿಯುತ್ತದೆ.

ಫಾಂಟ್ ಬದಲಿಸುವಾಗ ಅಲ್ಲಿ ಸಾಹಿತ್ಯಕ್ಕೆ ಎರಡು ಸ್ಟೈಲ್ ಇದೆ, ಬೆಸ ಸಾಲಿಗೆ ಒಂದು, ಸರಿ ಸಾಲಿಗೆ ಒಂದು. ಒಂದನ್ನೇ ಬದಲಿಸಿ “ಎರಡನೇ ಚರಣ ಬೇರೆ ಥರ ಕಾಣುತ್ತಿದೆ” ಅಂತ ಒದ್ದಾಡುವವರನ್ನು ಬಹಳ ನೋಡಿದ್ದೇನೆ.

ಆದರೆ ಮಾತು ಅಂದರೆ ಮಾತು: ಇಡೀ ಪುಸ್ತಕ ಮಾಡುವುದಾದರೆ ಲಿಲಿಪಾಂಡ್ ವಾಸಿ. ಫಾಂಟ್, ಅಂತರ ಎಲ್ಲ ಒಂದು ಫೈಲ್‌ನಲ್ಲಿಟ್ಟು ಎಲ್ಲ ಹಾಡಿಗೂ ಅದನ್ನೇ ಸೇರಿಸಬಹುದು. ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲು.

ಸಂಗೀತದ ಮೇಷ್ಟ್ರು
ಕ್ಷಮಿಸಿ, ಮೂಲಕ್ಕೇ ಬರುತ್ತೇನೆ. ನಮ್ಮ ದೇವರನಾಮಕ್ಕೆ ಸ್ಟಾಫ್ ನೊಟೇಶನ್ ಯಾಕೆ? ಗಮಕ, ಅಂದರೆ ಸ್ವರದ ತೂಗಾಟ, ಎಲ್ಲಿ ಬರೀತೀರಿ? ತೋಡಿ ರಾಗದ ಗಾಂಧಾರವನ್ನು ಐದು ಗೆರೆಯ ಮೇಲೆ ಕೂರಿಸಿ ತೋರಿಸಿ ನೋಡೋಣ. ಮಕ್ಕಳು ಅದನ್ನೇ ನುಡಿಸಿ ಅದೇ ರಾಗ ಅಂದುಕೊಳ್ಳುತ್ತಾರೆ.

ಕೀಬೋರ್ಡ್ ಟೀಚರ್
ಮೇಷ್ಟ್ರೇ, ಕೀಬೋರ್ಡ್‌ನಲ್ಲಿ ತೋಡಿ ಹೇಳಿಕೊಡುವ ಧೈರ್ಯ ನನಗೂ ಇಲ್ಲ. ಇರುವುದು ಶಂಕರಾಭರಣ, ಮೋಹನದಲ್ಲಿ ಸರಳವಾದ ಹಾಡುಗಳು. ಮಕ್ಕಳು ಶಾಲೆಯಲ್ಲಿ ಪಾಶ್ಚಾತ್ಯ ಸಂಗೀತ ಪರೀಕ್ಷೆಗೂ ಕೂರುತ್ತಾರೆ, ಐದು ಗೆರೆ ಓದಲು ಬರುತ್ತದೆ. ಅದಕ್ಕೇ ಸರಿಗಮವನ್ನೂ ಕೆಳಗೆ ಹಾಕುತ್ತಿರುವುದು.

ಮೊಳೆ ಜೋಡಿಸಿದವ
ಮೇಷ್ಟ್ರೇ, ಗಮಕ ಅಚ್ಚು ಹಾಕಲು ಆಗುವುದಿಲ್ಲ ಅಂತೇನಿಲ್ಲ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಅಚ್ಚು ಹಾಕಿಸಿದರಲ್ಲ, ತೆಲುಗು ಲಿಪಿಯಲ್ಲಿ, ಸ್ವರಗಳಿಗೆ ಗಮಕದ ಗುರುತು ಸಮೇತ. ಸೀಸದ ಅಚ್ಚುಮೊಳೆ ಇಟ್ಟುಕೊಂಡು! ಒಂದೊಂದು ಗುರುತನ್ನೂ ಕೈಯಲ್ಲಿ ಹೆಕ್ಕಿ ಕೂರಿಸಬೇಕು. ನಾವು ಇಲ್ಲಿ ಒಂದು ಚುಕ್ಕಿ ಕೂರಿಸಲು ಒದ್ದಾಡುತ್ತಿದ್ದೇವೆ.

ಸಂಗೀತದ ಮೇಷ್ಟ್ರು
ಅದನ್ನೇ ನಾನೂ ಹೇಳುತ್ತಿರುವುದು. ನಮ್ಮ ಲಿಪಿಯಲ್ಲೇ ಆಗುತ್ತದೆ ಅಂದಮೇಲೆ ಐದು ಗೆರೆ ಯಾಕೆ? ಇರಲಿ ಬಿಡಿ, ಅದು ಬೇರೆ ಜಗಳ. ‘ಲಕ್ಷ್ಮೀ’ ಪ್ರಶ್ನೆಗೆ ಉತ್ತರ: ಬರೆಯುವಾಗ ‘ಲ – ಕ್ಷ್ಮೀ’. ಹಾಡುವಾಗ ನಾಲಗೆ ‘ಲಕ್’ ಅಂತಲೇ ನಿಲ್ಲುತ್ತದೆ, ಅದಕ್ಕೇ ಛಂದಸ್ಸಿನಲ್ಲಿ ಆ ‘ಲ’ ಗುರು. ಆದರೆ ನಮ್ಮ ಸ್ವರಲಿಪಿಯ ಪುಸ್ತಕಗಳಲ್ಲಿ ಒತ್ತಕ್ಷರವನ್ನು ಇಡಿಯಾಗಿ ಮುಂದಿನ ಸ್ವರದ ಕೆಳಗೇ ಇಡುವುದು ರೂಢಿ. ಓದುವ ಮಗುವಿಗೆ ‘ಕ್ಷ್ಮೀ’ ಕಣ್ಣಿಗೆ ಪರಿಚಯ. ‘ಲಕ್ – ಷ್ಮೀ’ ಅಂತ ಹಾಕಿದರೆ ತಡವರಿಸುತ್ತದೆ.

ಪಿಟೀಲು ಪಕ್ಕವಾದ್ಯ
ಒಪ್ಪುವುದಿಲ್ಲ. ಗುಂಪು ಗಾಯನದಲ್ಲಿ ‘ಲ’ ಮೇಲೆ ನಾಲ್ಕು ಎಣಿಕೆ ನಿಲ್ಲಬೇಕಾದರೆ ಅರ್ಧ ಜನ ಬೇಗನೆ ‘ಕ್’ ಮುಚ್ಚುತ್ತಾರೆ, ಉಳಿದವರು ಎಳೆಯುತ್ತಾರೆ. ಅಲ್ಲಿ ವ್ಯಂಜನ ಎಲ್ಲಿ ಬೀಳುತ್ತದೆ ಅಂತ ತೋರಿಸಲೇಬೇಕು.

ಸಂಗೀತದ ಮೇಷ್ಟ್ರು
ಅದಕ್ಕೆ ಮೇಷ್ಟ್ರು ಇರೋದು.

ಗಣಕಿಗ
ಎರಡೂ ಪಕ್ಷಕ್ಕೆ ತಾಂತ್ರಿಕವಾಗಿ ತೊಂದರೆ ಇಲ್ಲ. ‘ಲ’ ಆದಮೇಲೆ ‘ಕ್ಷ್ಮೀ’ ಬರೆದರೂ ಸರಿ, ‘ಲಕ್’ ಆದಮೇಲೆ ‘ಷ್ಮೀ’ ಬರೆದರೂ ಸರಿ. ಮುಂದಿನ ತುಂಡು ಒತ್ತಿನಿಂದ ಶುರುವಾಗಬಾರದು ಅಷ್ಟೇ. ಕಂಪ್ಯೂಟರಿಗೆ ಒತ್ತು ಅನ್ನುವ ಪ್ರತ್ಯೇಕ ಅಕ್ಷರ ಇಲ್ಲ, ಹಲಂತ (‘ಕ್’ನಲ್ಲಿರುವ ಗುರುತು) ಆದಮೇಲೆ ವ್ಯಂಜನ ಬಂದರೆ ಅದನ್ನು ಫಾಂಟ್ ಒತ್ತಾಗಿಸುತ್ತದೆ. ಹಲಂತದ ಹಿಂದೆ ಏನೂ ಇಲ್ಲದಿದ್ದರೆ ಆ ಚುಕ್ಕಿ ಉಂಗುರ.

ಇನ್ನೊಂದು. ಸಾಹಿತ್ಯವನ್ನು ವಾಟ್ಸ್‌ಆ್ಯಪ್‌ನಿಂದಲೋ ವೆಬ್ ಪುಟದಿಂದಲೋ ಕಾಪಿ ಮಾಡಿ ತಂದರೆ ಕಣ್ಣಿಗೆ ಕಾಣದ ಜೋಡಕ ಗುರುತುಗಳು ಕೆಲವು ಸಲ ಬಿದ್ದುಹೋಗುತ್ತವೆ. ‘ಸಾಫ್ಟ್‌ವೇರ್’ ಇದ್ದದ್ದು ಟ ಅಡಿಯಲ್ಲಿ ವ ಒತ್ತು ಬಂದು ವಿಕಾರವಾಗುತ್ತದೆ. ‘ರ‍್ಯಾಲಿ’ ಇದ್ದದ್ದು ಅರ್ಕಾವತ್ತಾಗಿಬಿಡುತ್ತದೆ. ಅಚ್ಚಿಗೆ ಮುಂಚೆ ಇಂಥ ಪದ ಒಂದು ಸಲ ಹುಡುಕಿ.

ಚರಣಗಳ ಅಂತರ: ಲಿಲಿಪಾಂಡ್ ಎರಡು ಸಾಲು ತಾಗದಂತೆ ನೋಡಿಕೊಳ್ಳುತ್ತದೆ, ಎಲ್ಲೆಲ್ಲಿ ಒತ್ತು ಕೆಳಗಿಳಿದಿದೆಯೋ ಅಲ್ಲಿ ಜಾಸ್ತಿ ತಳ್ಳುತ್ತದೆ. ಅದು ಇಟ್ಟುಕೊಂಡಿರುವ ಕನಿಷ್ಠ ಅಂತರ ಇಂಗ್ಲಿಷ್ ಅಕ್ಷರಕ್ಕೆ ಸಾಕು, ‘ಕ್ಷ್ಮೀ’ ಥರ ಎರಡು ಅಂತಸ್ತು ಒತ್ತಿಗೆ ಸಾಲದು. ಲಿರಿಕ್ಸ್‌ನ ನಾನ್‌ಸ್ಟಾಫ್-ನಾನ್‌ಸ್ಟಾಫ್-ಸ್ಪೇಸಿಂಗ್‌ನಲ್ಲಿ ಮಿನಿಮಮ್-ಡಿಸ್ಟೆನ್ಸ್ ಮೊದಲಿಗೆ 2.8 ಇರುತ್ತದೆ. ಅದನ್ನು 4ರ ಸುಮಾರಿಗೆ ಏರಿಸಿ ನೋಡಿ, ಒತ್ತು ಇದ್ದ ಸಾಲು ಇಲ್ಲದ ಸಾಲು ಎರಡೂ ಒಂದೇ ಸಮ ಬರುತ್ತವೆ.

ಧಾರವಾಡ ಪೇಡೆ
ನಮ್ಮ ಕಡೆ ಹಿಂದೂಸ್ತಾನಿಯವರ ಗೋಳು ಯಾರೂ ಕೇಳಲಿಲ್ಲ ನೋಡ್ರಿ. ನಿಮಗ ಚುಕ್ಕಿ ಒಂದ. ನಮಗ ಭಾತಖಂಡೆ ಪದ್ಧತಿಯೊಳಗ ಕೋಮಲ ಸ್ವರಕ್ಕ ಅಡಿಗೆರೆ, ತೀವ್ರ ಮಧ್ಯಮಕ್ಕ ತಲೆಮ್ಯಾಲೆ ನಿಂತಗೆರೆ, ಮಂದ್ರಕ್ಕ ಕೆಳಗ ಚುಕ್ಕಿ. ಮಂದ್ರದ ಕೋಮಲ ನಿಷಾದ ಬಂತಂದ್ರ ಗೆರೆ, ಚುಕ್ಕಿ ಎರಡೂ ಕೆಳಗ. ಮಾತ್ರೆ ಕೂಡಸಾಕ ಮತ್ತ ಅದರಡಿ ಕಮಾನು. ಒಂದು ‘ನಿ’ ಕೆಳಗ ಮೂರು ಮಂದಿ ಬಿಡಾರ ಹೂಡ್ಯಾರ.

ಡಲ್ಲಾಸ್ ಕನ್ನಡಿಗ
ಧಾರವಾಡದ ಅಣ್ಣಾವ್ರೇ, ವೆಬ್ ಪುಟದಲ್ಲಿ ಇದನ್ನು ಸಾಕಷ್ಟು ಚೆನ್ನಾಗಿ ಮಾಡಬಹುದು. ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ‘ಟೆಕ್ಸ್ಟ್-ಎಂಫಸಿಸ್’ ಅಂತ ಒಂದು ಗುಣ ಇದೆ. ಚೀನಿ, ಜಪಾನಿ ಬರಹದಲ್ಲಿ ಒತ್ತಿ ಹೇಳಬೇಕಾದ ಅಕ್ಷರದ ಮೇಲೋ ಕೆಳಗೋ ಚುಕ್ಕಿ ಇಡುವ ರೂಢಿ, ಅದಕ್ಕಾಗಿ ಮಾಡಿದ್ದು. ನಮಗೆ ತಾರ, ಮಂದ್ರಕ್ಕೆ ಹೇಳಿ ಮಾಡಿಸಿದಂತಿದೆ. ‘ಡಾಟ್’ ಅಂತ ಕೊಟ್ಟು ಜಾಗ ‘ಓವರ್’ ಅಂದರೆ ಮೇಲೆ, ‘ಅಂಡರ್’ ಅಂದರೆ ಕೆಳಗೆ. ‘ರಿ’ ಪೂರ್ತಿ ಒಂದು ಅಕ್ಷರ ಅಂತ ಬ್ರೌಸರ್‌ಗೆ ಗೊತ್ತು, ಆದ್ದರಿಂದ ಚುಕ್ಕಿ ಒಂದೇ ಬರುತ್ತದೆ, ನಡುವಿಗೆ ಬರುತ್ತದೆ. ಎರಡನೇ ಕಾಲದ (ದುಪ್ಪಟ್ಟು ವೇಗದ) ಮೇಲ್ಗೆರೆಗೆ ‘ಓವರ್‌ಲೈನ್’. ಆಮೇಲೆ ಬ್ರೌಸರ್‌ನಿಂದಲೇ ಪಿಡಿಎಫ್‌ಗೆ ಪ್ರಿಂಟ್ ಕೊಡಿ. ನಮ್ಮ ಭಜನೆ ಗುಂಪಿಗೆ ಸರಿಗಮ ಹಾಳೆಗಳನ್ನು ಹೀಗೇ ಮಾಡಿಕೊಡುತ್ತೇನೆ. ಐದು ಗೆರೆ ಬೇಕಾದವರಿಗೆ ಮಾತ್ರ ಲಿಲಿಪಾಂಡ್.

ಗಣಕಿಗ
ಭಲೇ, ಇದು ಹೊಳೆದಿರಲಿಲ್ಲ.

ಟೀಚರ್‌ಗೆ ಲಿಲಿಪಾಂಡ್ ಒಳಗೇ ಬೇಕಲ್ಲ. ಅಲ್ಲಿ ಚುಕ್ಕಿಯನ್ನು ಅಕ್ಷರಕ್ಕೆ ಅಂಟಿಸಬೇಡಿ. ಯೂನಿಕೋಡ್‌ನ ಸೇರುವ ಚುಕ್ಕಿ ಯಾವ ಎತ್ತರದಲ್ಲಿ ಕೂರಬೇಕು ಅಂತ ಕನ್ನಡ ಫಾಂಟ್ ಮಾಡಿದವರು ಹೇಳಿಟ್ಟಿರದಿದ್ದರೆ ಅದು ಗುಡಿಸಿನ ಮೇಲೆಯೇ ಬೀಳುತ್ತದೆ. ಬದಲಿಗೆ ಮಾರ್ಕಪ್‌ನಲ್ಲಿ (ಪಠ್ಯ ಜೋಡಿಸುವ ಆಜ್ಞೆಗಳಲ್ಲಿ) ಡ್ರಾ-ಸರ್ಕಲ್‌ನಿಂದ ಸಣ್ಣ ತುಂಬಿದ ಚುಕ್ಕಿ ಬರೆಯಿರಿ, ರೈಸ್‌ನಿಂದ ಮೇಲೆತ್ತಿ, ಅಕ್ಷರ ಮತ್ತು ಚುಕ್ಕಿ ಎರಡನ್ನೂ ಸೆಂಟರ್-ಅಲೈನ್ ಮಾಡಿ, ಕಂಬೈನ್‌ನಿಂದ ಒಂದರ ಮೇಲೊಂದು ಕೂರಿಸಿ. ಒಂದು ಸಲ ‘ತಾರ’, ‘ಮಂದ್ರ’ ಅಂತ ಎರಡು ಆಜ್ಞೆ ಮಾಡಿಟ್ಟುಕೊಂಡರೆ ಆಯಿತು. ಫಾಂಟ್ ಬದಲಿಸಿದರೂ ಚುಕ್ಕಿ ಬದಲಾಗುವುದಿಲ್ಲ.

ಡಲ್ಲಾಸ್ ಕನ್ನಡಿಗ
ಹಾಗೇ, ಲಿಲಿಪಾಂಡ್‌ನ ಎಸ್‌ವಿಜಿಯನ್ನು ವೆಬ್ ಪುಟಕ್ಕೆ ಹಾಕುವವರಿಗೆ ಒಂದು ಎಚ್ಚರಿಕೆ. ಚಿತ್ರದ ಟ್ಯಾಗ್‌ನಲ್ಲಿ ಹಾಕಿದರೆ ಪುಟದ ವೆಬ್‌ಫಾಂಟ್ ಅದರೊಳಗೆ ಹೋಗುವುದಿಲ್ಲ. ನೋಡುವವರ ಫೋನಿನಲ್ಲಿ ಏನಿದೆಯೋ ಅದು. ಎಸ್‌ವಿಜಿಯನ್ನು ಪುಟದ ಕೋಡ್ ಒಳಗೇ ಸೇರಿಸಿದರೆ ಫಾಂಟ್ ಹತ್ತುತ್ತದೆ, ಜೊತೆಗೆ ಸಾಹಿತ್ಯವನ್ನು ಹುಡುಕಬಹುದು, ಕಾಪಿ ಮಾಡಬಹುದು. ಅಚ್ಚಿಗೆ ತೊಂದರೆ ಕೊಟ್ಟ ಅದೇ ಗುಣ ಇಲ್ಲಿ ಲಾಭ.

ಹಳೇ ಹಾರ್ಮೋನಿಯಂ
ಕಾಪಿ ಅಂದ ಕೂಡಲೇ ನೆನಪಾಯ್ತು. ನೊಟೇಶನ್ ಪಿಡಿಎಫ್‌ಗಳಿಂದ ಸಾಹಿತ್ಯ ಕಾಪಿ ಮಾಡಿದರೆ ಯಾಕೆ ಕಲಸುಮೇಲೋಗರ ಆಗುತ್ತೆ? ‘ಕರ್ಣ’ ಕಾಪಿ ಮಾಡಿದರೆ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತೆ.

ಗಣಕಿಗ
ಪಿಡಿಎಫ್‌ನಲ್ಲಿರುವುದು ಅಕ್ಷರ ಅಲ್ಲ, ಅಕ್ಷರದ ಚಿತ್ರಗಳು, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯಾವ ಚಿತ್ರಕ್ಕೆ ಯಾವ ಅಕ್ಷರ ಅಂತ ಒಂದು ಪಟ್ಟಿ ಜೊತೆಗಿರುತ್ತದೆ. ‘ಕರ್ಣ’ ಬರೆಯುವ ಕ್ರಮದಲ್ಲಿ ರ ಮೊದಲು, ಕಾಣುವ ಕ್ರಮದಲ್ಲಿ ಣ ಆದಮೇಲೆ ಅರ್ಕಾವತ್ತು. ಪಟ್ಟಿ ಒಂದೊಂದೇ ಚಿತ್ರಕ್ಕೆ ಉತ್ತರ ಹೇಳುತ್ತದೆ, ಕ್ರಮ ತಿದ್ದುವುದಿಲ್ಲ. ಅದಕ್ಕೇ ಹೇಳುವುದು, ಪಿಡಿಎಫ್ ನೋಡಲು ಮತ್ತು ಅಚ್ಚಿಗೆ. ಮೂಲ ಫೈಲ್ ಕಳೆದುಕೊಂಡು ಪಿಡಿಎಫ್‌ನಿಂದ ಸಾಹಿತ್ಯ ವಾಪಸ್ ತೆಗೆಯುತ್ತೇನೆ ಅಂದರೆ ಕೂತು ಟೈಪ್ ಮಾಡುವುದೇ ಬೇಗ.

ರಾಗಿಮುದ್ದೆ ರಾಗ
ಬೇರೆಯವರಿಗೆ ತಿದ್ದಲು ಕೊಡಬೇಕಾದರೆ ಮ್ಯೂಸಿಕ್‌ಎಕ್ಸ್‌ಎಂಎಲ್ (ಒಂದು ನೊಟೇಶನ್ ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಫೈಲ್) ಕೊಡಿ. ಅದರಲ್ಲಿ ಪ್ರತಿ ಅಕ್ಷರಕ್ಕೂ ಪದದ ಶುರುವೋ, ನಡುವೋ, ಕೊನೆಯೋ ಅಂತ ಬರೆದಿರುತ್ತೆ, ಕನ್ನಡ ಯೂನಿಕೋಡ್ ಹಾಗೇ ಉಳಿಯುತ್ತೆ. ಮ್ಯೂಸ್‌ಸ್ಕೋರ್‌ನಿಂದ ತೆಗೆದು ಲಿಲಿಪಾಂಡ್‌ಗೂ ತಿರುಗಿಸಬಹುದು. ಫಾಂಟು, ಅಂತರ ಎಲ್ಲ ಮತ್ತೆ ಮಾಡಿಕೊಳ್ಳಬೇಕು. ಸ್ವರ ಮತ್ತು ಸಾಹಿತ್ಯ ಉಳಿದರೆ ಸಾಕಲ್ವಾ?

ತಂಬೂರಿ ತಂತಿ
ನಮ್ಮ ಗುಂಪಿನಲ್ಲಿ ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲೇ ಕೇಳೋದು. ಪಿಎನ್‌ಜಿ ಕಳಿಸಿದರೆ ಒತ್ತುಗಳೆಲ್ಲ ಮಸಿ ಚುಕ್ಕೆ.

ಪಿಟೀಲು ಪಕ್ಕವಾದ್ಯ
ಲಿಲಿಪಾಂಡ್ ಪಿಎನ್‌ಜಿ ಸುಮ್ನೆ ತೆಗೆದರೆ 101 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ). ರೆಸಲ್ಯೂಶನ್ 300 ಅಂತ ಕೊಡಿ, ‘ಕ್ರಾಪ್’ ಕೂಡ ಕೊಟ್ಟರೆ ಸುತ್ತಲಿನ ಖಾಲಿ ಜಾಗ ಹೋಗುತ್ತದೆ. ಕಳಿಸುವಾಗ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ವಾಟ್ಸ್‌ಆ್ಯಪ್ ಅದನ್ನು ಹಿಂಡಿ ಹಿಪ್ಪೆ ಮಾಡುತ್ತದೆ.

ಪಿಡಿಎಫ್ ಹಂಚುವವರು ‘ಪಾಯಿಂಟ್-ಅಂಡ್-ಕ್ಲಿಕ್’ (ಸ್ವರ ಒತ್ತಿದರೆ ಮೂಲ ಫೈಲ್‌ನ ಆ ಜಾಗಕ್ಕೆ ಹೋಗುವ ಸೌಲಭ್ಯ) ಆಫ್ ಮಾಡಿ. ಅದು ಆನ್ ಇದ್ದರೆ ಪ್ರತಿ ಸ್ವರದ ಹಿಂದೆಯೂ ನಿಮ್ಮ ಕಂಪ್ಯೂಟರಿನ ಫೋಲ್ಡರ್ ದಾರಿ ಪೂರ್ತಿ ಕೂತಿರುತ್ತದೆ. ಫೈಲ್ ದಪ್ಪ ಆಗುವುದು ಒಂದು ಕಡೆ, ನಿಮ್ಮ ಫೋಲ್ಡರಿಗೆ ಏನು ಹೆಸರಿಟ್ಟಿದ್ದೀರಿ ಅಂತ ಊರಿಗೆಲ್ಲ ಯಾಕೆ ಗೊತ್ತಾಗಬೇಕು?

ಹಳೇ ಹಾರ್ಮೋನಿಯಂ
ಹ್ಹ ಹ್ಹ. ನಮ್ಮ ಒಬ್ಬ ಶಿಷ್ಯನ ಫೋಲ್ಡರ್ ಹೆಸರು ‘ಗುರುಗಳ ಕಾಟ’ ಅಂತಿತ್ತು. ಈಗ ಗೊತ್ತಾಯ್ತು ಅದು ನನಗೆ ಹೇಗೆ ಕಂಡಿತು ಅಂತ.

ಕೀಬೋರ್ಡ್ ಟೀಚರ್
ಎಲ್ಲರಿಗೂ ಧನ್ಯವಾದ. ಫಾಂಟ್ ಗೊತ್ತುಮಾಡಿದೆ, ಮಿನಿಮಮ್-ಡಿಸ್ಟೆನ್ಸ್ 4 ಸ್ವಲ್ಪ ಜಾಸ್ತಿ ಅನ್ನಿಸಿ 3.6ಕ್ಕೆ ನಿಲ್ಲಿಸಿದೆ. ಚುಕ್ಕಿ ವೃತ್ತ ಬರೆದು ಕೂರಿಸಿದ್ದು ಸೊಗಸಾಗಿ ಬಂತು. ‘ಲ – ಕ್ಷ್ಮೀ’ಯೇ ಇಟ್ಟೆ, ಪಿಟೀಲಿನವರು ಬೇಜಾರು ಮಾಡಿಕೊಳ್ಳಬಾರದು. ಅಂಗಡಿಯವರಿಗೆ ಪಿಡಿಎಫ್ ಕೊಟ್ಟು ಕರ್ವ್ಸ್ ಅಂತ ಹೇಳಿದೆ. ಚೌಕ ಇಲ್ಲ. ಅವರೇ ಖುಷಿಯಾಗಿ “ಮುಂದಿನ ಪುಟಗಳನ್ನೂ ಹೀಗೇ ಕಳಿಸಿ” ಅಂದಿದ್ದಾರೆ.

ಒಂದು ಉಳಿದಿದೆ. ಅಕ್ಷರಗಳ ನಡುವೆ ಬರುವ ಹೈಫನ್ ಇಡಲೋ ತೆಗೆಯಲೋ? ಕನ್ನಡ ಪುಟದಲ್ಲಿ ಅಷ್ಟೊಂದು ಅಡ್ಡಗೆರೆ ನೋಡಲು ಒಂಥರಾ.

ಸಂಗೀತದ ಮೇಷ್ಟ್ರು
ತೆಗೆಯಿರಿ.

ಪಿಟೀಲು ಪಕ್ಕವಾದ್ಯ
ಇಡಿ. ತೆಗೆದರೆ ಪದ ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ‘ಮನ’ ಮತ್ತು ‘ದಲಿ’ ಬಿಡಿಬಿಡಿಯಾಗಿ ಬಿದ್ದರೆ ಯಾವುದು ಪದ, ಯಾವುದು ವಿಭಕ್ತಿ?

ಧಾರವಾಡ ಪೇಡೆ
ನಾವು ಎಳೆಯೋ ಕಡೆ ಅವಗ್ರಹ ಹಾಕ್ತೀವ್ರಿ, ‘ಮಽಽ ನ’ ಹಿಂಗ. ಯೂನಿಕೋಡ್‌ನ್ಯಾಗ ಅದಕ್ಕ ಜಾಗಾನೂ ಐತಿ. ಗೆರೀನೂ ಬ್ಯಾಡ, ಜಗಳಾನೂ ಬ್ಯಾಡ.

ತಂಬೂರಿ ತಂತಿ
ಅಂದಹಾಗೆ, ತಾಳದ ಗುರುತಿನ ಅಂಕಿಗಳನ್ನು ಕನ್ನಡದಲ್ಲಿ ಹಾಕಬಹುದಾ? ೩, ೪ ಅಂತ?

ಗಣಕಿಗ
ಅವು ಸಂಗೀತದ ಫಾಂಟ್‌ನಿಂದ ಬರುತ್ತವೆ, ಅದರಲ್ಲಿ ಕನ್ನಡ ಅಂಕಿ ಇಲ್ಲ. ಪಠ್ಯವಾಗಿ ಬರೆದು ಕೂರಿಸಬೇಕು. ಬಾರ್ ಸಂಖ್ಯೆ, ಪುಟ ಸಂಖ್ಯೆ ಆದರೆ ಸುಲಭ. ಹೊಸ ಎಳೆ ಶುರುಮಾಡಿ, ಅಲ್ಲಿ ಬರೆಯುತ್ತೇನೆ.